ಹುಬ್ಬಳ್ಳಿಯಿಂದ ಅಂಡಮಾನಿಗೆ: ಗಾಳ, ಮಡಚುವ ಸೈಕಲ್, ಬಂಕ್ ಟಿಕೆಟ್

ಕೆರೆ ದಂಡೆಯ ಮೇಲೆ ಕೂತು ಕಟ್ಲಾ, ರೋಹು, ಗೌರಿ ಮೀನಿಗೆ ಗಾಳ ಹಾಕುವವರಿಗೆ ಒಂದಲ್ಲ ಒಂದು ದಿನ ಸಮುದ್ರದ ಮೀನಿನ ಹುಚ್ಚು ಹತ್ತುತ್ತದೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯವರಿಗೆ ಆಗ ತಟ್ಟನೆ ನೆನಪಾಗುವುದು ಕಾರವಾರ, ಗೋಕರ್ಣ, ಗೋವಾ. ಅವೆಲ್ಲ ಎರಡು ದಿನ ರಜೆಯಲ್ಲಿ ಮುಗಿಯುವ ಊರುಗಳು. ನಿಜವಾಗಿ ಕಡಲು ದಾಟಿ ಹೋಗಬೇಕು, ಪಾಸ್‌ಪೋರ್ಟ್-ವೀಸಾದ ಗೊಡವೆ ಬೇಡ, ಕಿಸೆಗೂ ಭಾರವಾಗಬಾರದು ಅನ್ನುವವರಿಗೆ ಇರುವುದು ಅಂಡಮಾನ್. ಚೆನ್ನೈ ಬಂದರಿನಿಂದ ಪೋರ್ಟ್ ಬ್ಲೇರ್ ಸುಮಾರು 1,200 ಕಿಲೋಮೀಟರ್. 2024ರಿಂದ ಆ ಊರಿನ ಸರ್ಕಾರಿ ಹೆಸರು ಶ್ರೀ ವಿಜಯ ಪುರಂ, ಆದರೆ ಜನರ ಬಾಯಲ್ಲಿ ಹಳೆಯ ಹೆಸರೇ ಇರುವುದರಿಂದ ಇಲ್ಲಿ ಅದನ್ನೇ ಬಳಸುತ್ತೇನೆ.

ಈ ಪ್ರವಾಸ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ. ನಾವು ರೂಢಿಯಂತೆ ಮೊದಲು ರೈಲು ಬುಕ್ ಮಾಡುತ್ತೇವೆ, ಆಮೇಲೆ ಹಡಗು ಹುಡುಕುತ್ತೇವೆ, ಮೀನು ಯಾವಾಗ ಸಿಗುತ್ತದೆ ಅನ್ನುವುದನ್ನು ಅಲ್ಲಿ ಹೋದ ಮೇಲೆ ಕೇಳುತ್ತೇವೆ. ಇದು ತಲೆಕೆಳಗಾದ ಕ್ರಮ. ಮೊದಲು ತಿಥಿ, ಆಮೇಲೆ ಹಡಗು, ಕೊನೆಗೆ ರೈಲು. ಈ ಮೂರೂ ಹೊಂದಿಕೊಂಡರೆ ಉಳಿದದ್ದೆಲ್ಲ ಚೀಲ ಕಟ್ಟುವ ಕೆಲಸ.

ತಿಥಿಯಿಂದ ಶುರು ಮಾಡೋಣ. ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಜುಬಾಜು ಉಬ್ಬರ ಇಳಿತ ಜೋರು, ಅಷ್ಟಮಿಯ ಹೊತ್ತಿಗೆ ಮಂದ. ಅಂಡಮಾನಿನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಪ್ರತಿದಿನ ಉಬ್ಬರ ಹಿಂದಿನ ದಿನಕ್ಕಿಂತ 50 ನಿಮಿಷ ತಡವಾಗಿ ಬರುತ್ತದೆ. ಇನ್ನೊಂದು ಲೆಕ್ಕವೂ ಇದೆ, ಅದನ್ನು ನಮ್ಮ ಕಡೆಯವರು ಮರೆಯುತ್ತಾರೆ. ಹುಬ್ಬಳ್ಳಿ ಇರುವುದು 75 ಡಿಗ್ರಿ ರೇಖಾಂಶದ ಹತ್ತಿರ, ಪೋರ್ಟ್ ಬ್ಲೇರ್ ಸುಮಾರು 92.7 ಡಿಗ್ರಿಯಲ್ಲಿ. ಗಡಿಯಾರ ಒಂದೇ, ಆದರೆ ಸೂರ್ಯ ಅಲ್ಲಿ ನಮಗಿಂತ ಒಂದು ತಾಸು ಹತ್ತು ನಿಮಿಷ ಮೊದಲೇ ಹುಟ್ಟುತ್ತಾನೆ. ಜನವರಿಯಲ್ಲಿ ಐದೂವರೆಯ ಹೊತ್ತಿಗೆ ಬೆಳಕು ಹರಿದಿರುತ್ತದೆ, ಸಂಜೆ ಐದೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಏಳಕ್ಕೆ ಎದ್ದು ಚಹಾ ಕುಡಿದು ದಂಡೆಗೆ ಹೋಗುವವರು ಮೀನು ಕಚ್ಚುವ ಮುಖ್ಯ ಹೊತ್ತನ್ನು ದಿನಾಲೂ ಕಳೆದುಕೊಳ್ಳುತ್ತಾರೆ.

ಈ ಎರಡು ಲೆಕ್ಕ ಕೂಡಿಸಿದರೆ ಒಂದು ಒಳ್ಳೆಯ ಸಂಗತಿ ಹೊರಬೀಳುತ್ತದೆ. ಅಲ್ಲಿ ಚಳಿಗಾಲದ ಹಗಲು ಸುಮಾರು ಹನ್ನೊಂದೂವರೆ ತಾಸು, ಉಬ್ಬರದ ಅಂತರ ಹನ್ನೆರಡೂವರೆ ತಾಸಿಗೆ ಹತ್ತಿರ. ಯಾವ ದಿನ ನಸುಕಿನಲ್ಲಿ ತುಂಬು ಉಬ್ಬರ ಇರುತ್ತದೋ ಅವತ್ತೇ ಮುಸ್ಸಂಜೆಗೂ ತುಂಬು ಉಬ್ಬರ ಇರುತ್ತದೆ. ಅಂಥ ದಿನಗಳು ಹದಿನೈದು ದಿನಕ್ಕೊಮ್ಮೆ ಮೂರು-ನಾಲ್ಕು ಸಾಲಾಗಿ ಬರುತ್ತವೆ. ನಿಮ್ಮ ವಾಸ್ತವ್ಯ ಆ ನಾಲ್ಕು ದಿನಗಳನ್ನು ನಡುವೆ ಇಟ್ಟುಕೊಂಡಿರಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಉಬ್ಬರವಿಳಿತದ ಕೋಷ್ಟಕ ಪ್ರಕಟಿಸುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಗಳ ಮುನ್ಸೂಚನೆ, ಎತ್ತರದ ಅಲೆಗಳ ಎಚ್ಚರಿಕೆ ಕೊಡುತ್ತದೆ. ಇವೆರಡನ್ನೂ ನೋಡಿ ಕ್ಯಾಲೆಂಡರಿನ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿ.

ತಿಂಗಳು ಯಾವುದು? ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ. ಮೇ ತಿಂಗಳಿನಿಂದ ನೈಋತ್ಯ ಮುಂಗಾರು, ಅದು ಹಿಂದೆಗೆಯುವ ಹೊತ್ತಿಗೆ ಬಂಗಾಳ ಕೊಲ್ಲಿಯ ಚಂಡಮಾರುತಗಳ ಕಾಲ. ಆಗ ಹಡಗು ತಡವಾಗುತ್ತದೆ, ದ್ವೀಪದಿಂದ ದ್ವೀಪಕ್ಕೆ ಹೋಗುವ ಫೆರ್ರಿ ರದ್ದಾಗುತ್ತದೆ, ದುಡ್ಡು ಬರೀ ರೂಮಿನ ಬಾಡಿಗೆಗೆ ಹೋಗುತ್ತದೆ. ಸಂಕ್ರಾಂತಿ ಮುಗಿಸಿಕೊಂಡು ಹೊರಡುವುದು ನಮ್ಮ ಕಡೆಯವರಿಗೆ ಎಲ್ಲ ರೀತಿಯಿಂದಲೂ ಸರಿ.

ಹಡಗುಗಳನ್ನು ನಡೆಸುವುದು ಅಂಡಮಾನ್ ಆಡಳಿತದ ಶಿಪ್ಪಿಂಗ್ ಇಲಾಖೆ. ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣ ಮೂರೂ ಕಡೆಯಿಂದ ಹೋಗುತ್ತವೆ, ನಮಗೆ ಅನುಕೂಲ ಚೆನ್ನೈ. ಮೂರು ದಿನದ ಪಯಣ ಅಂತ ಹಿಡಿಯಿರಿ. ತಿಂಗಳಿಗೆ ಕೆಲವೇ ಹಡಗು, ಅವುಗಳ ದಿನಾಂಕ ರೈಲಿನ ವೇಳಾಪಟ್ಟಿಯಂತೆ ವರ್ಷವಿಡೀ ಗಟ್ಟಿಯಾಗಿರುವುದಿಲ್ಲ. ಪ್ರಕಟವಾದ ಮೇಲೂ ಒಂದೆರಡು ದಿನ ಆಚೀಚೆ ಆಗಬಹುದು. ಬಂಕ್, ಎರಡನೇ ದರ್ಜೆ ಕ್ಯಾಬಿನ್, ಒಂದನೇ ದರ್ಜೆ, ಡೀಲಕ್ಸ್ ಅಂತ ದರ್ಜೆಗಳಿವೆ. ದ್ವೀಪವಾಸಿಗಳಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು, ದರಪಟ್ಟಿ ನೋಡುವಾಗ ಯಾವ ಕಾಲಂ ನೋಡುತ್ತಿದ್ದೀರಿ ಅನ್ನುವುದರ ಮೇಲೆ ಕಣ್ಣಿಡಿ. ಗುರುತಿನ ಚೀಟಿಯ ಮೂಲ ಪ್ರತಿ, ಎರಡು ಜೆರಾಕ್ಸ್, ಎರಡು ಫೋಟೋ ಜೊತೆಗಿರಲಿ.

ಬಂಕ್ ಅಂದರೆ ದೊಡ್ಡ ಹಾಲ್, ಸಾಲು ಸಾಲು ಎರಡು ಅಂತಸ್ತಿನ ಮಂಚ, ಎಲ್ಲರಿಗೂ ಸೇರಿ ಶೌಚಾಲಯ. ಮೊದಲ ದಿನ ಸ್ವಚ್ಛ, ಮೂರನೇ ದಿನ ಅಲ್ಲ. ಆದರೂ ಕಡಿಮೆ ಖರ್ಚಿನ ಪ್ರವಾಸಕ್ಕೆ ಇದೇ ತಕ್ಕದ್ದು, ಯಾಕೆಂದರೆ ಮಲಗುವುದು ಬಿಟ್ಟರೆ ಉಳಿದ ಹೊತ್ತೆಲ್ಲ ಡೆಕ್ ಮೇಲೆಯೇ ಕಳೆಯುತ್ತದೆ. ಶೌಚಾಲಯದ ಬಾಗಿಲಿನಿಂದ ದೂರದ, ಹಡಗಿನ ನಡುಭಾಗಕ್ಕೆ ಹತ್ತಿರದ ಕೆಳಮಂಚ ಸಿಕ್ಕರೆ ಬಿಡಬೇಡಿ. ನಡುಭಾಗದಲ್ಲಿ ತೂಗಾಟ ಕಡಿಮೆ. ಹೊಟ್ಟೆ ತೊಳಸುವವರು ಡಾಕ್ಟರರನ್ನು ಕೇಳಿ ಗುಳಿಗೆ ತಂದಿಟ್ಟುಕೊಳ್ಳಿ. ಹಡಗು ಬಂದರು ಬಿಡುವ ಮೊದಲೇ ತಗೊಳ್ಳಬೇಕು, ವಾಂತಿ ಶುರುವಾದ ಮೇಲೆ ಗುಳಿಗೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹೊದಿಕೆ, ಒಂದು ಚೊಂಬು, ಹವಾಯಿ ಚಪ್ಪಲಿ, ಚೀಲ ಕಟ್ಟಲು ಸರಪಳಿ-ಬೀಗ ಬೇಕು.

ಊಟಕ್ಕೆ ಹಡಗಿನಲ್ಲಿ ಮೆಸ್ ಇದೆ, ದುಡ್ಡು ಕೊಟ್ಟು ಅನ್ನ-ಸಾರು ಉಣ್ಣಬಹುದು. ಆದರೆ ಈ ವಿಷಯದಲ್ಲಿ ನಮ್ಮಷ್ಟು ಅನುಕೂಲ ಯಾರಿಗೂ ಇಲ್ಲ. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ, ಶೇಂಗಾ ಉಂಡಿ, ಒಗ್ಗರಣೆ ಹಾಕಿದ ಚುರುಮುರಿ ಹೀಗೆ ಕೆಡದ ಬುತ್ತಿ ಕಟ್ಟಲು ನಮಗೆ ಯಾರೂ ಕಲಿಸಬೇಕಿಲ್ಲ. ಒಂದು ಎಚ್ಚರ: ಸಮುದ್ರದ ಗಾಳಿಗೆ ಖಡಕ್ ರೊಟ್ಟಿ ಅರ್ಧ ದಿನದಲ್ಲಿ ಮೆತ್ತಗಾಗಿ ಚಕ್ಕಳದಂತೆ ಜಗ್ಗುತ್ತದೆ. ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಹಾಕಬೇಡಿ. ಹೊತ್ತಿಗೆ ನಾಲ್ಕು ರೊಟ್ಟಿಯಂತೆ ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಉಣ್ಣುವಾಗ ಒಂದೊಂದೇ ಬಿಚ್ಚಿ. ಚಟ್ನಿಪುಡಿಯೂ ಹಾಗೇ, ಸಣ್ಣ ಸಣ್ಣ ಪೊಟ್ಟಣ.

ಇನ್ನು ರೈಲು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 470 ಕಿಲೋಮೀಟರ್, ರಾತ್ರಿ ರೈಲುಗಳಿಗೆ ಕೊರತೆಯಿಲ್ಲ. ಹಾವೇರಿಯವರು ದಾರಿಯಲ್ಲೇ ಹತ್ತಬಹುದು, ಗದಗಿನವರು ಹುಬ್ಬಳ್ಳಿಗೆ ಬಂದು ಹತ್ತಬಹುದು. ಬೆಂಗಳೂರಿನಿಂದ ಚೆನ್ನೈಗೆ ಸುಮಾರು 360 ಕಿಲೋಮೀಟರ್, ಹಗಲಿನಲ್ಲೇ ಐದಾರು ತಾಸು. ರಾತ್ರಿ ರೈಲು ಇಳಿದು ಬೆಳಗಿನ ಮೊದಲ ಚೆನ್ನೈ ಗಾಡಿ ಹಿಡಿಯುವ ಸಾಹಸ ಬೇಡ. ಸೈಕಲ್ ಜೊತೆಗಿದ್ದಾಗ ಪ್ಲಾಟ್‌ಫಾರಂ ದಾಟುವುದಕ್ಕೇ ಅರ್ಧ ತಾಸು ಬೇಕು. ಮಧ್ಯಾಹ್ನದ ಗಾಡಿ ಇಟ್ಟುಕೊಳ್ಳಿ, ಹಡಗಿನ ಹಿಂದಿನ ದಿನವೇ ಚೆನ್ನೈ ಸೇರಿ.

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಹಡಗಿನ ದಿನಾಂಕ ಬಹಳ ಸಲ ಅದಕ್ಕಿಂತ ತಡವಾಗಿ ಪ್ರಕಟವಾಗುತ್ತದೆ. ಇಲ್ಲಿ ಎರಡು ಬೇರೆ ಬೇರೆ ದಿನಕ್ಕೆ ಸ್ಲೀಪರ್ ಟಿಕೆಟ್ ತೆಗೆದಿಟ್ಟುಕೊಂಡು ಹಡಗು ಗಟ್ಟಿಯಾದ ಮೇಲೆ ಒಂದನ್ನು ಬಿಡುವುದು ಸೋವಿ ಉಪಾಯ. ಸಾಕಷ್ಟು ಮೊದಲೇ ರದ್ದು ಮಾಡಿದರೆ ಖಾತ್ರಿಯಾದ ಸ್ಲೀಪರ್ ಟಿಕೆಟ್‌ಗೆ ತಲೆಗೆ 120 ರೂಪಾಯಿ ಮುರಿದುಕೊಳ್ಳುತ್ತಾರೆ. ಚೆನ್ನೈನಲ್ಲಿ ಒಂದು ದಿನ ಲಾಡ್ಜ್ ಹಿಡಿಯುವುದಕ್ಕಿಂತ ಅದು ಎಷ್ಟೋ ಕಡಿಮೆ. ವಾಪಸಿನ ರೈಲನ್ನು ಮಾತ್ರ ಪೋರ್ಟ್ ಬ್ಲೇರ್‌ನಿಂದ ಹಡಗು ಬಿಡುವ ದಿನ ಖಾತ್ರಿಯಾಗುವ ತನಕ ಮುಟ್ಟಬೇಡಿ.

ಸೈಕಲ್ ಯಾವುದು ಅನ್ನುವುದೇ ಖರ್ಚನ್ನು ನಿರ್ಧರಿಸುತ್ತದೆ. ದೊಡ್ಡ ಸೈಕಲ್ ಆದರೆ ಅದು ಬ್ರೇಕ್‌ವ್ಯಾನ್‌ಗೆ, ಅಂದರೆ ರೈಲಿನ ಸಾಮಾನಿನ ಡಬ್ಬಿಗೆ, ಹೋಗಲೇಬೇಕು. ಸ್ಲೀಪರ್ ಪ್ರಯಾಣಿಕರಿಗೆ ಇರುವ 40 ಕೆಜಿ ಉಚಿತ ಸಾಮಾನಿನ ಲೆಕ್ಕದಲ್ಲಿ ಸೈಕಲ್ ಬರುವುದಿಲ್ಲ, ಬೇರೆ ಲಗೇಜ್ ಚೀಟಿ ಮಾಡಿಸಬೇಕು. ಗಾಡಿ ಬಿಡುವ ಅರ್ಧ ತಾಸು ಮೊದಲು ಅಂತ ನಿಯಮ, ವಾಸ್ತವದಲ್ಲಿ ಎರಡು ತಾಸು ಮೊದಲು ಲಗೇಜ್ ಕಚೇರಿಯಲ್ಲಿರಿ. ಹುಬ್ಬಳ್ಳಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರಂ 1,507 ಮೀಟರ್. ನಿಮ್ಮ ಗಾಡಿಯ ಬ್ರೇಕ್‌ವ್ಯಾನ್ ಮುಂದಿದೆಯೋ ಹಿಂದಿದೆಯೋ ಗೊತ್ತಿಲ್ಲದೆ ನಿಂತರೆ ಸೈಕಲ್ ಹೊತ್ತುಕೊಂಡು ಒಂದು ಕಿಲೋಮೀಟರ್ ಓಡುವ ಪ್ರಸಂಗ ಬರುತ್ತದೆ. ಚೀಟಿಯನ್ನು ಹುಬ್ಬಳ್ಳಿಯಿಂದ ನೇರ ಚೆನ್ನೈಗೆ ಮಾಡಿಸಬೇಡಿ. ಬೆಂಗಳೂರಿನಲ್ಲಿ ಗಾಡಿ ಬದಲಾಗುವಾಗ ನೀವು ಮುಂದೆ, ಸೈಕಲ್ ಹಿಂದೆ. ಬೆಂಗಳೂರಿನವರೆಗೆ ಒಂದು, ಅಲ್ಲಿ ಬಿಡಿಸಿಕೊಂಡು ಮುಂದಕ್ಕೆ ಇನ್ನೊಂದು. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಫ್ರೇಮಿಗೆ ಕಟ್ಟಿ, ಗೇರು ಬದಲಿಸುವ ಡಿರೇಲರ್ ಇದ್ದರೆ ಕಳಚಿ ಗಾಲಿಯ ಒಳಕ್ಕೆ ಸರಿಸಿ, ಮೇಲೆ ಗೋಣಿ ಸುತ್ತಿ ಸುತಳಿಯಿಂದ ಬಿಗಿಯಬೇಕು. ಎಡಗಡೆಯ ಪೆಡಲಿನ ಮರೆ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ, ಎಲ್ಲ ನಟ್ಟಿನಂತೆ ಬಿಚ್ಚಲು ಹೋದರೆ ಇನ್ನಷ್ಟು ಬಿಗಿಯಾಗಿ ಕೊನೆಗೆ ಮರೆಯೇ ಸವೆದುಹೋಗುತ್ತದೆ. ಮುಂದಿನ ಗಾಲಿ ಬಿಚ್ಚಿದರೆ ಅದನ್ನು ಹಿಡಿಯುವ ಚಿಮಟಿಯ (ಫೋರ್ಕ್) ಎರಡು ತುದಿಗಳ ನಡುವೆ ಅಳತೆಗೆ ಕೊಯ್ದ ಕಟ್ಟಿಗೆಯ ತುಂಡು ಇಡಿ. ಇಲ್ಲದಿದ್ದರೆ ಮೇಲೆ ಯಾರೋ ಮೂಟೆ ಹೇರಿದಾಗ ಚಿಮಟಿ ಒಳಕ್ಕೆ ಬಾಗಿ ಗಾಲಿ ಮತ್ತೆ ಕೂಡುವುದಿಲ್ಲ.

ಇಷ್ಟೆಲ್ಲ ಬೇಡ ಅನ್ನುವವರಿಗೆ 20 ಇಂಚು ಗಾಲಿಯ ಮಡಚುವ ಸೈಕಲ್. ತೂಕ 12ರಿಂದ 14 ಕೆಜಿ. ಮಡಚಿ, ದಪ್ಪ ಕ್ಯಾನ್ವಾಸ್ ಚೀಲದಲ್ಲಿ ಹಾಕಿ, ಹೆಗಲಿಗೆ ಪಟ್ಟಿ ಕಟ್ಟಿದರೆ ಹಡಗಿನ ಏಣಿಯನ್ನೂ ನೀವೇ ಹತ್ತಿಸಬಹುದು. ನನ್ನ ಮಟ್ಟಿಗೆ ಈ ಪ್ರವಾಸಕ್ಕೆ ಇದೇ ಸರಿಯಾದ ಗಾಡಿ. ಒಟ್ಟು ಸಾಮಾನು ಒಬ್ಬರೇ ಒಂದೇ ಸಲ ಎತ್ತಿಕೊಂಡು ಇನ್ನೂರು ಹೆಜ್ಜೆ ನಡೆಯುವಷ್ಟಿರಬೇಕು. ಬೆನ್ನಿಗೆ ಎಂಟು-ಒಂಬತ್ತು ಕೆಜಿ ಚೀಲ, ಒಂದು ಹೆಗಲಿಗೆ ಸೈಕಲ್, ಕೈಯಲ್ಲಿ ಗಾಳದ ಕೊಳವೆ. ಎರಡು ಸಲ ಹೋಗಿಬರಬೇಕಾದರೆ ಕೂಲಿ ಬೇಕು, ಆಟೋ ಬೇಕು, ಸಾಮಾನು ಕಾಯಲು ಇನ್ನೊಬ್ಬರು ಬೇಕು. ಉಳಿತಾಯ ಕರಗುವುದು ಹೀಗೇ. ಹೊರಡುವ ಮೊದಲು ಎಲ್ಲವನ್ನೂ ಹೊತ್ತು ಮನೆಯ ಮಾಳಿಗೆಯ ಮೆಟ್ಟಿಲು ಒಮ್ಮೆ ಹತ್ತಿ ಇಳಿಯಿರಿ. ಏದುಸಿರು ಬಂದರೆ ಚೀಲ ಮತ್ತೆ ಬಿಚ್ಚಿ.

ಎಲ್ಲಿಗೆ ಹೋಗಬೇಕು? ಪೋರ್ಟ್ ಬ್ಲೇರ್ ಗುಡ್ಡಗಾಡು ಊರು, ಏರಿಳಿತ ಬಹಳ, ಬಂದರು ಮತ್ತು ನೌಕಾಪಡೆಯ ಜಾಗಗಳ ಹತ್ತಿರ ಗಾಳ ಹಾಕುವುದಿರಲಿ, ಫೋಟೋ ಕೂಡ ತೆಗೆಯುವ ಹಾಗಿಲ್ಲ. ವಂಡೂರಿನ ಕಡೆ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ, ಅಲ್ಲಿ ಮೀನು ಹಿಡಿಯುವುದು ನಿಷಿದ್ಧ. ಉತ್ತರಕ್ಕೆ ಹೋಗುವ ಟ್ರಂಕ್ ರೋಡ್ ಜಿರ್ಕಟಾಂಗ್ ದಾಟಿದ ಮೇಲೆ ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶದೊಳಗೆ ಹೋಗುತ್ತದೆ. ವಾಹನಗಳು ನಿಗದಿತ ಹೊತ್ತಿಗೆ ಸಾಲಾಗಿ, ನಡುವೆ ನಿಲ್ಲದೆ ಹೋಗಬೇಕು, ಸೈಕಲ್ ತುಳಿದು ಹೋಗುವ ದಾರಿ ಅದಲ್ಲ. ಹೀಗಾಗಿ ಸೈಕಲ್ಲಿಗೂ ಗಾಳಕ್ಕೂ ಒಪ್ಪುವ ಜಾಗ ಶಹೀದ್ ದ್ವೀಪ, ಹಳೆಯ ಹೆಸರು ನೀಲ್. ಫೀನಿಕ್ಸ್ ಬೇ ಜೆಟ್ಟಿಯಿಂದ ಸರ್ಕಾರಿ ಫೆರ್ರಿಯಲ್ಲಿ ಎರಡು ತಾಸಿನ ಹಾದಿ. ಖಾಸಗಿ ದೋಣಿಗಳು ಚೊಕ್ಕಟ, ಆದರೆ ದುಬಾರಿ. ಸರ್ಕಾರಿ ಫೆರ್ರಿಯ ಟಿಕೆಟ್ ಬೇಗ ಮುಗಿಯುತ್ತದೆ, ಪೋರ್ಟ್ ಬ್ಲೇರ್ ಮುಟ್ಟಿದ ದಿನವೇ ಕೌಂಟರಿಗೆ ಹೋಗಿ ಹೋಗುವ-ಬರುವ ಎರಡೂ ಟಿಕೆಟ್ ಕೇಳಿ. ಅದೇ ದಿನ ಮೀನುಗಾರಿಕೆ ಇಲಾಖೆಯ ಕಚೇರಿಗೂ ಹೋಗಿ ದಂಡೆಯಿಂದ ಗಾಳ ಹಾಕಲು ಯಾವ ಜಾಗ ನಡೆಯುತ್ತದೆ, ಕಾಗದಪತ್ರ ಏನಾದರೂ ಬೇಕೇ ಅಂತ ವಿಚಾರಿಸಿಕೊಳ್ಳಿ. ಅರ್ಧ ದಿನದ ಕೆಲಸ, ಆದರೆ ಆಮೇಲೆ ಯಾರು ಬಂದು ಕೇಳಿದರೂ ಅಳುಕಿಲ್ಲ. ದ್ವೀಪದಲ್ಲಿ ಎಟಿಎಂ ನೆಚ್ಚಿಕೊಳ್ಳಬೇಡಿ, ನಗದು ಇಲ್ಲಿಂದಲೇ ಒಯ್ಯಿರಿ.

ನೀಲ್ ಸಣ್ಣದು, ಹೆಚ್ಚು ಕಡಿಮೆ ಸಮತಟ್ಟು, ತೋಟ-ಗದ್ದೆಗಳ ಊರು. ಭರತಪುರ, ರಾಮನಗರ, ಲಕ್ಷ್ಮಣಪುರ, ಸೀತಾಪುರ ಅಂತ ಊರ ಹೆಸರುಗಳು ಕೇಳಿದರೆ ನಮ್ಮ ಸೀಮೆಯಲ್ಲೇ ಇದ್ದಂತೆ ಅನ್ನಿಸುತ್ತದೆ. ಜೆಟ್ಟಿಯಿಂದ ಸೀತಾಪುರದ ತುದಿಗೆ ಐದು ಕಿಲೋಮೀಟರ್ ಆಸುಪಾಸು, ಲಕ್ಷ್ಮಣಪುರ ಅದಕ್ಕಿಂತ ಹತ್ತಿರ. ಒಂದೇ ಗೇರಿನ ಸೈಕಲ್ ಸಾಕು. ಬಾಡಿಗೆ ಸೈಕಲ್ಲೂ ಸಿಗುತ್ತವೆ. ಕೈಯಲ್ಲಿ ಬರೀ ಹತ್ತು ದಿನ ರಜೆ ಇದ್ದವರು ವಿಮಾನದಲ್ಲಿ ಹೋಗಿ ಅಲ್ಲೇ ಬಾಡಿಗೆ ಹಿಡಿಯುವುದು ಲೇಸು, ಯಾಕೆಂದರೆ ವಿಮಾನದ 15 ಕೆಜಿ ಮಿತಿಯನ್ನು ಮಡಚುವ ಸೈಕಲ್ ಒಂದೇ ನುಂಗಿಬಿಡುತ್ತದೆ. ಹಡಗಿನಲ್ಲಿ ಹೋಗಿ ಬರುವವರು ಚೆನ್ನೈನಿಂದ ಮನೆಗೆ ಬರುವ ರೈಲು ಬಿಟ್ಟು ಹದಿನೆಂಟು-ಹತ್ತೊಂಬತ್ತು ದಿನ ಹಿಡಿಯಬೇಕು: ಚೆನ್ನೈ ತಲುಪಿ ಕಾಯಲು ಎರಡು-ಮೂರು, ಹಡಗಿನಲ್ಲಿ ಹೋಗುತ್ತ ಬರುತ್ತ ಆರು, ಪೋರ್ಟ್ ಬ್ಲೇರ್‌ನಲ್ಲಿ ಎರಡು, ನೀಲ್‌ನಲ್ಲಿ ಆರು, ಎಡವಟ್ಟಿಗೆಂದು ಎರಡು. ಆ ಕೊನೆಯ ಎರಡು ದಿನವನ್ನು ಉಳಿಸಲು ಹೋಗಬೇಡಿ. ಫೆರ್ರಿ ಒಂದು ದಿನ ತಪ್ಪಿ, ಅದರಿಂದ ಹಡಗು ತಪ್ಪಿದರೆ ಮುಂದಿನ ಹಡಗಿಗೆ ವಾರಕ್ಕೂ ಮೇಲ್ಪಟ್ಟು ಕಾಯಬೇಕಾಗಬಹುದು.

ಸಾಮಾನಿನ ಮಾತು. ನಾಲ್ಕು ತುಂಡಾಗುವ, ಎಂಟು ಅಥವಾ ಒಂಬತ್ತು ಅಡಿಯ ರಾಡ್, 20ರಿಂದ 60 ಗ್ರಾಂ ಎಸೆಯುವಂಥದ್ದು. ಉದ್ದನೆಯ ಎರಡು ತುಂಡಿನ ರಾಡ್ ಕೆರೆಗೆ ಚೆಂದ, ರೈಲಿನ ಬಾಗಿಲಿಗೆ ಅಲ್ಲ. ನಾಲ್ಕು ತುಂಡಿನ ರಾಡ್ ಹಾಕಲು 75 ಮಿಲಿಮೀಟರ್ ಪಿವಿಸಿ ಕೊಳವೆ, ರಾಡಿನ ತುಂಡಿಗಿಂತ ಎಂಟು ಸೆಂಟಿಮೀಟರ್ ಉದ್ದ. ಒಂದು ತುದಿಗೆ ಮುಚ್ಚಳ ಅಂಟಿಸಿ, ಇನ್ನೊಂದಕ್ಕೆ ತಿರುಪಿನ ಮುಚ್ಚಳ. ಎರಡೂ ತುದಿಗೆ ಹಳೆಯ ಬಟ್ಟೆ ತುರುಕಿ, ತುಂಡುಗಳನ್ನು ಒಟ್ಟಿಗೆ ಎರಡು ಕಡೆ ರಬ್ಬರಿನಿಂದ ಬಿಗಿಯಿರಿ. ಮುರಿಯುವುದು ಯಾವಾಗಲೂ ತುದಿಯ ತುಂಡು, ಅದೂ ಕೊಳವೆಯೊಳಗೆ ಕುಲುಕಾಡಿಯೇ. ಸೈಕಲ್ ಮೇಲೆ ಈ ಕೊಳವೆಯನ್ನು ಕ್ಯಾರಿಯರ್‌ಗೆ ಅಡ್ಡಲಾಗಿ ಕಟ್ಟಬೇಡಿ, ಎದುರು ಬರುವ ಸ್ಕೂಟರಿಗೆ ತಾಗುತ್ತದೆ. ಸೀಟಿನ ಹಿಂದೆ ನೆಟ್ಟಗೆ ನಿಲ್ಲಿಸಿ ಎರಡು ಕಡೆ ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ.

ರೀಲ್ 4000 ಅಥವಾ 5000 ಅಳತೆಯದು, 30 ಪೌಂಡಿನ ಹೆಣೆದ ದಾರ 200 ಮೀಟರ್. ಹೆಣೆದ ದಾರವನ್ನು ನೇರವಾಗಿ ರೀಲಿಗೆ ಸುತ್ತಿದರೆ ದೊಡ್ಡ ಮೀನು ಎಳೆದಾಗ ಇಡೀ ಉಂಡೆ ಸ್ಪೂಲಿನ ಮೇಲೆ ಜಾರಿ ತಿರುಗುತ್ತದೆ. ಮೊದಲು ಐದಾರು ಮೀಟರ್ ಸಾದಾ ತಂಗೂಸ (ಒಂಟಿ ಎಳೆಯ ನೈಲಾನ್ ದಾರ) ಸುತ್ತಿ, ಅದಕ್ಕೆ ಗಂಟು ಹಾಕಿ. ಮುಂದಿನ ತುದಿಗೆ 50 ಪೌಂಡಿನ ದಪ್ಪ ತಂಗೂಸ ಒಂದೂವರೆ ಮೀಟರ್, ಕಲ್ಲಿಗೆ ಉಜ್ಜಿದರೂ ತಡೆಯಲು. ಎರಡನ್ನೂ ಕೂಡಿಸಲು ಜೋಡಿ ಯೂನಿ ಗಂಟು ಸಾಕು. ಬಿಗಿಯುವ ಮುನ್ನ ಗಂಟನ್ನು ಎಂಜಲಿನಿಂದ ತೋಯಿಸಲೇಬೇಕು, ಒಣ ಗಂಟು ಎಳೆದಾಗ ಬಿಸಿಯಾಗಿ ತಂಗೂಸ ಅಲ್ಲೇ ಬಲ ಕಳೆದುಕೊಳ್ಳುತ್ತದೆ.

ರೀಲಿನ ಬಿಗಿತ, ಅಂದರೆ ಡ್ರ್ಯಾಗ್, ಅಳೆಯಲು ಯಂತ್ರ ಬೇಡ. ಒಂದು ಲೀಟರಿನ ನೀರಿನ ಬಾಟಲಿ ಮೂರು, ಒಂದು ಕೈಚೀಲದಲ್ಲಿ ಹಾಕಿ. ಅದು ಮೂರು ಕೆಜಿ ಆಯಿತು. ದಾರದ ತುದಿಯನ್ನು ಚೀಲಕ್ಕೆ ಕಟ್ಟಿ, ರಾಡ್ ಇಲ್ಲದೆ ರೀಲ್ ಒಂದನ್ನೇ ಕೈಯಲ್ಲಿ ಹಿಡಿದು ನಿಧಾನ ಮೇಲೆತ್ತಿ. ಚೀಲ ನೆಲ ಬಿಟ್ಟ ಕೂಡಲೇ ದಾರ ಕಿರ್ರನೆ ಬಿಚ್ಚಿಕೊಳ್ಳಲು ಶುರುವಾಗಬೇಕು. ಬಿಚ್ಚದಿದ್ದರೆ ಸಡಿಲಿಸಿ, ಚೀಲ ಏಳದಿದ್ದರೆ ಬಿಗಿಯಿರಿ. 30 ಪೌಂಡ್ ಅಂದರೆ ಹದಿಮೂರೂವರೆ ಕೆಜಿ, ಅದರ ಕಾಲುಭಾಗಕ್ಕೆ ಹತ್ತಿರ ಈ ಬಿಗಿತ. ಮೀನು ದೊಡ್ಡದಿದೆ ಅಂತ ಹೋರಾಟದ ನಡುವೆ ಬಿಗಿಯುತ್ತ ಹೋಗುವವರ ದಾರ ಗಂಟಿನಲ್ಲೇ ಕಡಿಯುತ್ತದೆ.

ಕೊಕ್ಕೆ ಒಳಕ್ಕೆ ಬಾಗಿದ ಸರ್ಕಲ್ ಕೊಕ್ಕೆಯೇ ಇರಲಿ, 2/0ರಿಂದ 4/0, ಒಟ್ಟು ಇಪ್ಪತ್ತು. ಎರೆಗೆ ಬೇಕಾದ ಚಿಕ್ಕ ಮೀನಿಗೆ 8ನೇ ನಂಬರಿನ ಹತ್ತು. ಕೆರೆಯಲ್ಲಿ ಬೆಂಡು ಮುಳುಗಿದ ಕೂಡಲೇ ಜಗ್ಗುವ ರೂಢಿ ನಮಗೆ. ಸರ್ಕಲ್ ಕೊಕ್ಕೆಗೆ ಹಾಗೆ ಜಗ್ಗಿದರೆ ಮೀನಿನ ಬಾಯಿಂದ ಎರೆಯ ಜೊತೆ ಕೊಕ್ಕೆಯೂ ಹೊರಗೆ. ಅದು ತಾನಾಗಿ ತುಟಿಯ ಮೂಲೆಗೆ ಬಂದು ಸಿಕ್ಕಿಕೊಳ್ಳಬೇಕು, ನೀವು ಬರೀ ರೀಲ್ ಸುತ್ತಿ ದಾರ ಬಿಗಿ ಮಾಡಿದರೆ ಆಯಿತು. ಮೊದಲ ಎರಡು ದಿನ ಕೈ ಕೇಳುವುದಿಲ್ಲ. ನಕಲಿ ಎರೆಯಾಗಿ ಎಸೆಯುವ ಲೋಹದ ಚಮಚೆ 28ರಿಂದ 40 ಗ್ರಾಂ ನಾಲ್ಕು, ಅವುಗಳ ಮೂರು ಮುಳ್ಳಿನ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿ. ಬರಾಕುಡಾ ಮತ್ತು ಸೂಜಿಯಂತೆ ಮೂತಿ ಚಾಚಿದ ಮೀನುಗಳು ತಂಗೂಸವನ್ನು ಕತ್ತರಿಯಂತೆ ಕತ್ತರಿಸುತ್ತವೆ, ಅವಕ್ಕೆ ಒಂದು ಗೇಣು ಉಕ್ಕಿನ ತಂತಿ. ಸೀಸದ ಗುಂಡು ಒಂದೊಂದು 40 ಗ್ರಾಂ, ಎಂಟು ಸಾಕು. ಹೆಚ್ಚು ಒಯ್ದರೆ ಭಾರ, ಕಡಿಮೆಯಾದರೆ ತೊಂದರೆ, ಅದಕ್ಕೆ ಕಟ್ಟುವ ರೀತಿ ಮುಖ್ಯ: ಸ್ವಿವೆಲ್‌ನ (ದಾರ ಹುರಿಯಾಗದಂತೆ ತಿರುಗುವ ಕೊಂಡಿ) ಒಂದು ಕಣ್ಣಿಗೆ ಕೊಕ್ಕೆಯ ದಪ್ಪ ದಾರ ಒಂದು ಮೊಳ, ಅದೇ ಸ್ವಿವೆಲ್‌ನಿಂದ ಬೇರೆಯಾಗಿ 10 ಪೌಂಡಿನ ತೆಳು ದಾರದಲ್ಲಿ ಸೀಸ. ಕಲ್ಲಿನ ಸಂದಿಗೆ ಸೀಸ ಸಿಕ್ಕಿಕೊಂಡರೆ ತೆಳು ದಾರ ಮಾತ್ರ ಹರಿದು, ಕೊಕ್ಕೆ ಮತ್ತು ಮೀನು ಎರಡೂ ಉಳಿಯುತ್ತವೆ. ಸೀಸ ಮುಗಿದರೆ ಬೀದಿಯ ಅಂಗಡಿಯಲ್ಲಿ ಸಿಗುವ ಕಬ್ಬಿಣದ ನಟ್ಟು ಕಟ್ಟಿ.

ಎರೆಗೆ ಹಿಟ್ಟಿನ ಉಂಡೆ, ಎರೆಹುಳು ಇಲ್ಲಿಂದ ಹೊರಬೇಡಿ, ಉಪ್ಪುನೀರಿನಲ್ಲಿ ಅವು ಕೆಲಸಕ್ಕೆ ಬಾರವು. ಮೀನು ಮಾರುಕಟ್ಟೆಯಲ್ಲಿ ತಾರ್ಲೆ, ಸಿಗಡಿ ಯಾವುದು ಸಿಗುತ್ತದೋ ಅದು. ತಾರ್ಲೆ ಮೆತ್ತಗಿನ ಮೀನು, ಎಸೆದಾಗಲೇ ಕೊಕ್ಕೆಯಿಂದ ಹಾರಿಹೋಗುತ್ತದೆ. ಉಪಾಯ ಇಷ್ಟೇ: ಎರಡೂ ಮಗ್ಗುಲಿನ ಮಾಂಸ ಚರ್ಮದ ಸಮೇತ ಸೀಳಿ ತೆಗೆದು, ಬೆರಳಗಲದ ಪಟ್ಟಿ ಮಾಡಿ, ಕಿಲೋಗೆ 400 ಗ್ರಾಂ ಕಲ್ಲುಪ್ಪು ಬೆರೆಸಿ, ಸೋಸುವ ಜರಡಿಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆಗೆ ನೀರಿಳಿದು ಚರ್ಮ ಚಕ್ಕಳದಂತಾಗಿರುತ್ತದೆ. ಕೊಕ್ಕೆಯನ್ನು ಚರ್ಮದ ಕಡೆಯಿಂದ ಎರಡು ಸಲ ಚುಚ್ಚಿ, ಮೊನೆ ಹೊರಗೆ ಕಾಣಬೇಕು.

ದಂಡೆಯ ಮೇಲೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಕೆರೆಯ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ನೀಲ್‌ನ ಬಹಳ ಕಡೆ ದಂಡೆಯಿಂದ ಒಳಕ್ಕೆ ಚಪ್ಪಟೆ ಬಂಡೆಯ ಹಾಸು. ಇಳಿತದಲ್ಲಿ ನೂರಾರು ಹೆಜ್ಜೆ ಬತ್ತಿ ನಿಲ್ಲುತ್ತದೆ, ಅಲ್ಲಿ ಮೀನಿಲ್ಲ. ನೀರು ಏರತೊಡಗಿದಾಗ ಚಿಕ್ಕ ಮೀನುಗಳು ಹಾಸಿನ ಮೇಲೆ ಮೇಯಲು ಬರುತ್ತವೆ, ಅವುಗಳ ಹಿಂದೆ ಟ್ರೆವಾಲಿ, ಬರಾಕುಡಾದಂಥ ಬೇಟೆ ಮೀನುಗಳು. ತುಂಬು ಉಬ್ಬರಕ್ಕೆ ಎರಡು ತಾಸು ಮೊದಲಿನಿಂದ ಒಂದು ತಾಸು ನಂತರದ ತನಕ ನಿಮ್ಮ ಹೊತ್ತು. ಹಾಸು ಮುಗಿದು ನೀರು ಕಡುನೀಲಿಯಾಗುವ ಅಂಚು ಕಾಣುತ್ತದಲ್ಲ, ಅದರ ಉದ್ದಕ್ಕೆ ಚಮಚೆ ಬೀಳಬೇಕು, ಅದರಾಚೆಗಲ್ಲ. ಮಂಗಳೂರು ಕಡೆಯವರು ಮುರು ಅನ್ನುವ ಮೀನು ಕಲ್ಲಿನ ಪೊಟರೆಯಲ್ಲಿರುತ್ತದೆ. ಕಚ್ಚಿದ ಕೂಡಲೇ ಎರಡು ಮಾರು ಎಳೆದು ಹೊರತರದಿದ್ದರೆ ಒಳಗೆ ಹೊಕ್ಕು ಕೂತುಬಿಡುತ್ತದೆ. ಹಾಗಾದರೆ ದಾರ ಸಡಿಲ ಬಿಟ್ಟು ಐದು ನಿಮಿಷ ಸುಮ್ಮನಿರಿ, ಕೆಲವು ಸಲ ತಾನೇ ಹೊರಬರುತ್ತದೆ.

ನೀರು ಏರುವುದು ಎದುರಿನಿಂದ ಅಂತ ನಾವು ತಿಳಿಯುತ್ತೇವೆ. ಬಂಡೆಯ ಹಾಸಿನಲ್ಲಿ ದಂಡೆಗೆ ಹತ್ತಿರದ ತಗ್ಗುಗಳು ಮೊದಲು ತುಂಬುತ್ತವೆ, ನೀವು ಎತ್ತರದ ಕಲ್ಲಿನ ಮೇಲೆ ನಿಂತಿದ್ದಾಗ ಬೆನ್ನ ಹಿಂದೆ ಸೊಂಟದಷ್ಟು ನೀರು ಬಂದಿರುತ್ತದೆ. ಹೋಗುವಾಗ ಅತಿ ತಗ್ಗಾದ ಜಾಗದಲ್ಲಿ ಒಂದು ಕಡ್ಡಿ ನೆಟ್ಟು ಹೋಗಿ, ಅದರ ಬುಡಕ್ಕೆ ನೀರು ಮುಟ್ಟಿದಾಗ ಮೀನು ಕಚ್ಚುತ್ತಿದ್ದರೂ ಹಿಂದಿರುಗಿ ದಂಡೆಯಿಂದಲೇ ಎಸೆಯಿರಿ. ಗಟ್ಟಿ ಅಟ್ಟೆಯ ಹಳೆಯ ಬೂಟು ಬೇಕೇ ಬೇಕು. ಜೀವಂತ ಹವಳದ ಮೇಲೆ ಕಾಲಿಡಬೇಡಿ, ಒಂದು ಹೆಜ್ಜೆಗೆ ಮುರಿಯುವುದು ಬೆಳೆಯಲು ವರ್ಷಗಟ್ಟಲೆ ಬೇಕು. ಮರಳಿನಲ್ಲಿ ಕಾಲು ಎತ್ತಿಡದೆ ಎಳೆಯುತ್ತ ನಡೆದರೆ ಹುದುಗಿದ ತೊರಕೆ ಮೀನು ಸರಿದುಹೋಗುತ್ತದೆ. ತೊರಕೆ, ಕಲ್ಲುಮೀನು, ಸಿಂಹಮೀನಿನ ಮುಳ್ಳು ಚುಚ್ಚಿದರೆ ಚರ್ಮ ತಡೆಯುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಅದ್ದಿ ಹಿಡಿದರೆ ನೋವು ತಗ್ಗುತ್ತದೆ, ಆಮೇಲೆ ಆಸ್ಪತ್ರೆಗೆ. ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುವುದಕ್ಕೆ ಇದೂ ಒಂದು ಕಾರಣ.

ಮ್ಯಾಂಗ್ರೋವ್ ಕಾಡಿನ ಕಾಲುವೆ, ಹಳ್ಳದ ಬಾಯಿಗಳು ಗಾಳಕ್ಕೆ ಬಹಳ ಆಸೆ ಹುಟ್ಟಿಸುವ ಜಾಗಗಳು. ಅಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಪಕ್ಕದ ಹ್ಯಾವ್‌ಲಾಕ್ ದ್ವೀಪದಲ್ಲಿ ಮೊಸಳೆ ಒಬ್ಬ ಪ್ರವಾಸಿಯ ಜೀವ ತೆಗೆದಿದೆ. ಎಚ್ಚರಿಕೆಯ ಫಲಕ ಇದ್ದ ಕಡೆ, ಅಂಥ ಹಳ್ಳಗಳ ಹತ್ತಿರ ಮುಸ್ಸಂಜೆಯ ಮೇಲೆ ಹೋಗಲೇಬೇಡಿ, ಮೀನು ತೊಳೆದ ನೀರನ್ನೂ ಅಲ್ಲಿ ಚೆಲ್ಲಬೇಡಿ.

ವನ್ಯಜೀವಿ ಕಾಯ್ದೆ ಕಾಪಾಡುವ ಜೀವಿಗಳ ಪಟ್ಟಿಯಲ್ಲಿ ದೈತ್ಯ ಮುರು, ಗರಗಸ ಮೀನು, ಕಡಲಕುದುರೆ, ಕಡಲಸೌತೆ, ದೈತ್ಯ ಕಪ್ಪೆಚಿಪ್ಪು, ಹವಳ ಎಲ್ಲ ಇವೆ. ಗಾಳಕ್ಕೆ ಬಂದರೆ ನೀರಿನಲ್ಲೇ ಕೊಕ್ಕೆ ಬಿಡಿಸಿ ಬಿಡಿ. ದಂಡೆಯಲ್ಲಿ ಬಿದ್ದ ಹವಳದ ತುಂಡು, ಶಂಖವನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ, ಬಂದರಿನ ತಪಾಸಣೆಯಲ್ಲಿ ಸಿಕ್ಕರೆ ಕಸಿದುಕೊಳ್ಳುವುದಲ್ಲದೆ ಕೇಸೂ ಆಗಬಹುದು. ಮೂರು ದಿನದ ಹಡಗು, ಒಂದೂವರೆ ದಿನದ ರೈಲಿನಲ್ಲಿ ಮೀನು ಮನೆಗೆ ತರುವ ಮಾತೇ ಇಲ್ಲ, ಅವತ್ತು ಉಣ್ಣುವಷ್ಟು ಇಟ್ಟುಕೊಂಡು ಉಳಿದದ್ದನ್ನು ಬಿಡುವುದು ಸರಿ. ಇಟ್ಟುಕೊಳ್ಳುವ ಮೀನಿನ ಕಿವಿರು ಆಗಲೇ ಕತ್ತರಿಸಿ ರಕ್ತ ಇಳಿಸಿ ಮಂಜುಗಡ್ಡೆಯಲ್ಲಿಡಿ, ಬಿಸಿಲಿನಲ್ಲಿ ಒಂದು ತಾಸು ಬಿದ್ದ ಮೀನಿಗೆ ಯಾವ ಮಸಾಲೆಯೂ ರುಚಿ ಕೊಡದು. ಸಣ್ಣ ಹೋಟೆಲಿನವರು ಸ್ವಲ್ಪ ದುಡ್ಡಿಗೆ ಕರಿದು ಕೊಡುತ್ತಾರೆ. ಹವಳದ ಸಮುದ್ರದ ದೊಡ್ಡ ಬರಾಕುಡಾ ಮಾತ್ರ ತಿನ್ನಬೇಡಿ, ಅದರ ಮಾಂಸದಲ್ಲಿ ಕೂಡಿಕೊಳ್ಳುವ ಒಂದು ವಿಷ ಬೇಯಿಸಿದರೂ ಹೋಗುವುದಿಲ್ಲ.

ಪ್ರತಿ ಸಂಜೆ ಕೋಣೆಗೆ ಬಂದ ಕೂಡಲೇ, ಸ್ನಾನಕ್ಕೂ ಮೊದಲು, ಎರಡು ಚೊಂಬು ಸಿಹಿನೀರು. ಒಂದು ರೀಲಿಗೆ, ಡ್ರ್ಯಾಗ್ ಬಿಗಿ ಮಾಡಿ ಮೇಲಿಂದ ಮೆಲ್ಲಗೆ ಸುರಿದು ಒರೆಸಿ, ಆಮೇಲೆ ಸಡಿಲಿಸಿಡಿ. ಜೋರಾಗಿ ಪೈಪ್ ಹಿಡಿದರೆ ಉಪ್ಪು ಒಳಗಿನ ಬೇರಿಂಗಿಗೆ ಹೋಗುತ್ತದೆ. ಇನ್ನೊಂದು ಸೈಕಲ್ ಚೈನಿಗೆ, ಒರೆಸಿ ಒಣಗಿಸಿ ಕೊಂಡಿಗೊಂದು ಹನಿ ಎಣ್ಣೆ. ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಚೈನಿನ ಮೇಲೆ ಕೆಂಪು ತುಕ್ಕು, ಎರಡು ರಾತ್ರಿ ಬಿಟ್ಟರೆ ಮಡಚುವ ಕೀಲೂ ಗಟ್ಟಿಯಾಗುತ್ತದೆ. ವಾಪಸು ಹಡಗು ಹತ್ತುವ ಹಿಂದಿನ ದಿನ ಆ ಕೀಲಿಗೆ ಗ್ರೀಸ್ ಹಚ್ಚಿ, ಸೀಟಿನ ಕೊಳವೆಯನ್ನು ಪೂರ್ತಿ ಹೊರಕ್ಕೆಳೆದು ಒರೆಸಿ ಅದಕ್ಕೂ ತೆಳುವಾಗಿ ಸವರಿ ಮತ್ತೆ ಇಳಿಸಿ. ಉಪ್ಪು ಕುಡಿದ ಸೀಟು ಕೊಳವೆ ಮನೆಗೆ ಬಂದು ತಿಂಗಳಾದ ಮೇಲೆ ಫ್ರೇಮಿಗೆ ಕಚ್ಚಿಕೊಳ್ಳುತ್ತದೆ, ಆಗ ಯಾವ ಪಾನಾ ಹಾಕಿದರೂ ಬರುವುದಿಲ್ಲ.